ಹಳೇ ತಾಲ್ಲೂಕು ಕಚೇರಿ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಊರಿನವರಿಗಾಗಿ ಉಳಿಸಿಕೊಳ್ಳೋದು ಹೇಗೆ?

ಕಚೇರಿ ಬೀದಿ
ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಪುರಸಭೆ ಊರು. ಬಸ್ ಸ್ಟ್ಯಾಂಡಿನಿಂದ ಎರಡು ನಿಮಿಷ ನಡೆದರೆ ಹಳೇ ತಾಲ್ಲೂಕು ಕಚೇರಿ ಸಿಗುತ್ತದೆ. ಮಂಗಳೂರು ಹೆಂಚು, ದಪ್ಪ ಗೋಡೆ, ಮುಂದೆ ಉದ್ದಕ್ಕೆ ಕಲ್ಲಿನ ಜಗಲಿ. ಒಂದು ತುದಿಗೆ ಕಬ್ಬಿಣದ ಸರಳಿನ ಖಜಾನೆ ಕೋಣೆ, ಇನ್ನೊಂದು ತುದಿಗೆ ರೆಕಾರ್ಡ್ ರೂಮ್. ಕಚೇರಿ ಹೊಸ ಆಡಳಿತ ಸೌಧಕ್ಕೆ ಹೋಗಿ ಆರು ವರ್ಷ ಆಯಿತು. ಅವತ್ತು ಹಾಕಿದ ಬೀಗ ಇನ್ನೂ ಹಾಗೇ ಇದೆ.

ಈಗ ಅದನ್ನು ಕೆಡವಿ ಎರಡು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟುವ ಮಾತು ಕೇಳಿಬರುತ್ತಿದೆ. ನಾವು ಏಳೆಂಟು ಜನ ಸೇರಿ ಅರ್ಜಿ ಬರೆಯುತ್ತಿದ್ದೇವೆ. ಕೆಡವಬೇಡಿ, ಊರಿನವರು ಕೂರುವ, ಓದುವ, ಸಭೆ ಮಾಡುವ ಜಾಗ ಮಾಡಿ ಅಂತ. ನಮ್ಮಪ್ಪ ಇದೇ ಜಗಲಿ ಮೇಲೆ ಕೂತು ಮೂವತ್ತು ವರ್ಷ ಜನರಿಗೆ ಅರ್ಜಿ ಬರೆದುಕೊಟ್ಟು ನಮ್ಮನ್ನು ಸಾಕಿದರು. ಅವರು ಕೂರುತ್ತಿದ್ದ ಕಡೆ ಕಲ್ಲು ನುಣ್ಣಗಾಗಿದೆ. ಪಕ್ಕದಲ್ಲಿ ಶಾಯಿ ಚೆಲ್ಲಿದ ಕಲೆ ಇನ್ನೂ ಇದೆ. ಹಾಗಂತ ಬರೀ ನನ್ನ ನೆನಪಿಗೋಸ್ಕರ ಕೇಳುತ್ತಿಲ್ಲ. ನಮ್ಮೂರಲ್ಲಿ ಇಪ್ಪತ್ತು ಜನ ಕಾಸು ಕೊಡದೆ ಕೂತು ಮಾತಾಡುವ ಜಾಗ ಒಂದೂ ಇಲ್ಲ.

ಇಂಥ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ. ಅರ್ಜಿಯಲ್ಲಿ ಏನು ಬರೆಯಬೇಕು? ಯಾರಿಗೆ ಕೊಡಬೇಕು?

ತೆಂಕಣ ಗಾಳಿ
ಮೊದಲು ಕಟ್ಟಡದ ನಾಲ್ಕೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ. ರಾತ್ರೋರಾತ್ರಿ ಜೆಸಿಬಿ ಬಂದರೆ ಆಮೇಲೆ ತೋರಿಸೋಕೂ ಏನೂ ಇರಲ್ಲ.

ಬಸವನಗುಡಿ ಬಾಲ್ಕನಿ
ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ ಮೇಡಂ, ಸ್ಮಾರಕ ಅಂತ ಘೋಷಿಸಿಬಿಟ್ಟರೆ ಯಾರೂ ಮುಟ್ಟುವ ಹಾಗಿಲ್ಲ. ಬೆಂಗಳೂರಿನ ಅಠಾರಾ ಕಚೇರಿ ಗೊತ್ತಲ್ಲ, ಈಗ ಹೈಕೋರ್ಟ್ ಇರೋದು. 1868ರ ಹೊತ್ತಿಗೆ ಕಟ್ಟಿ ಮುಗಿಸಿದ ಕಟ್ಟಡ, 18 ಇಲಾಖೆಗಳು ಇದ್ದವು ಅಂತ ಆ ಹೆಸರು. 1980ರ ದಶಕದಲ್ಲಿ ಅದನ್ನೂ ಕೆಡವುವ ಮಾತು ಬಂದಿತ್ತು. ಜನ ಕೋರ್ಟಿಗೆ ಹೋದರು. ಆ ಕೇಸಿನ ವಿಚಾರಣೆ ನಡೆದದ್ದು ಅದೇ ಕಟ್ಟಡದ ಒಳಗೆ! ಇವತ್ತು ಆ ಕೆಂಪು ಕಟ್ಟಡ ಇಲ್ಲದ ಕಬ್ಬನ್ ಪಾರ್ಕನ್ನು ಊಹಿಸಿಕೊಳ್ಳೋಕೂ ಆಗಲ್ಲ.

ಹಳೇ ಓವರ್‌ಸಿಯರ್
ಬಸವನಗುಡಿಯವರೇ, ಅಷ್ಟು ಸುಲಭ ಇಲ್ಲ. 1961ರ ರಾಜ್ಯ ಸ್ಮಾರಕ ಕಾಯ್ದೆಯ ರಕ್ಷಣೆ ಸಿಗುವುದು ಸರ್ಕಾರ ಘೋಷಿಸಿದ ಸ್ಮಾರಕಗಳಿಗೆ ಮಾತ್ರ. ಪ್ರತಿ ತಾಲ್ಲೂಕಿನಲ್ಲೂ ಇಂಥ ಹೆಂಚಿನ ಕಚೇರಿ ಇದೆ, ಎಲ್ಲವೂ ಸ್ಮಾರಕ ಆಗಲ್ಲ. ಆಗಿಬಿಟ್ಟರೂ ಕಷ್ಟವೇ. ಸ್ಮಾರಕ ಆದಮೇಲೆ ಒಂದು ಶೌಚಾಲಯ ಕಟ್ಟೋಕೂ ಅನುಮತಿಗೆ ಅಲೆಯಬೇಕು. ಇವರಿಗೆ ಬೇಕಿರೋದು ದಿನಾ ಬಳಸುವ ಜಾಗ.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಇದ್ದವನು. ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಕೆಡವಬೇಕು ಅಂದರೆ ಮೊದಲು ಕಟ್ಟಡ 'ಶಿಥಿಲ' ಅಂತ ಒಂದು ವರದಿ ಬೇಕು. ಬಹಳ ಸಲ ಅದು ಹತ್ತು ನಿಮಿಷದ ಕೆಲಸ. ಹೊರಗಿಂದ ನೋಡಿ, ಗಿಲಾವು ಉದುರಿದೆ, ಹೆಂಚು ಒಡೆದಿದೆ, ಗೋಡೆಯಲ್ಲಿ ಬಿರುಕಿದೆ, ವಾಸಯೋಗ್ಯವಲ್ಲ ಅಂತ ಬರೆದರೆ ಮುಗಿಯಿತು. ಆ ವರದಿ ಇದೆಯೇ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಯಾರು ಪರೀಕ್ಷೆ ಮಾಡಿದರು, ಯಾವ ದಿನ, ಏನೇನು ಪರೀಕ್ಷೆ ಮಾಡಿದರು, ಮೂರನ್ನೂ ಕೇಳಿ.

ಬಿರುಕು ಇದ್ದರೆ ಹೆದರಬೇಡಿ. ಹಳೇ ಬಿರುಕೋ, ಈಗಲೂ ಬಾಯಿ ಬಿಡುತ್ತಿರುವ ಬಿರುಕೋ ಅಂತ ನೋಡಬೇಕು. ನಾವು ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ ಮೇಲೆ ತಾರೀಕು ಬರೆಯುತ್ತಿದ್ದೆವು. ಒಂದು ಮಳೆಗಾಲ ಕಳೆದ ಮೇಲೂ ಗಾಜು ಸೀಳದೆ ಇದ್ದರೆ ಗೋಡೆ ನಿಂತಿದೆ ಅಂತ ಅರ್ಥ. ಸೀಳಿದರೆ ಅಡಿಪಾಯ ನೋಡಬೇಕು.

ಕಚೇರಿ ಬೀದಿ
ಸರ್, ತುಂಬಾ ಉಪಕಾರ ಆಯಿತು. ಗಾಜಿನ ಪಟ್ಟಿ ವಿಷಯ ಗೊತ್ತೇ ಇರಲಿಲ್ಲ. ಖಜಾನೆ ಕೋಣೆಯ ಮೂಲೆಯಲ್ಲಿ ಒಂದು ಬಿರುಕು ಹೊರಗಿನಿಂದಲೂ ಕಾಣುತ್ತದೆ.

ಲೆಕ್ಕದ ಪುಸ್ತಕ
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನು ಇನ್ನೊಂದು ಕಡೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪುರಸಭೆಗೆ ದುಡ್ಡು ಎಲ್ಲಿಂದ ಬರುತ್ತದೆ? ಮನೆ ಕಂದಾಯ, ನೀರಿನ ಕಂದಾಯ, ಮಳಿಗೆ ಬಾಡಿಗೆ. ಮೊದಲ ಎರಡನ್ನು ಜನ ಸರಿಯಾಗಿ ಕಟ್ಟಲ್ಲ. ಬೀದಿ ದೀಪ, ನೀರಿನ ಪಂಪಿನ ಕರೆಂಟ್ ಬಿಲ್ಲು ಮಾತ್ರ ತಿಂಗಳು ತಿಂಗಳು ಬರುತ್ತದೆ. ಬಸ್ ಸ್ಟ್ಯಾಂಡ್ ಪಕ್ಕದ ಜಾಗದಲ್ಲಿ ಮಳಿಗೆ ಕಟ್ಟಿದರೆ ವರ್ಷವಿಡೀ ಬಾಡಿಗೆ. ನೀವು ಹೇಳುವ ಕೇಂದ್ರ ಮಾಡಿದರೆ ವರ್ಷವಿಡೀ ಖರ್ಚು. ಆ ಖರ್ಚನ್ನು ಯಾರು ಹೊರುತ್ತಾರೆ? ಇದಕ್ಕೆ ಉತ್ತರ ಇಲ್ಲದೆ ಅರ್ಜಿ ಕೊಟ್ಟರೆ ಅಲ್ಲೇ ಬಿದ್ದಿರುತ್ತದೆ.

ತೆಂಕಣ ಗಾಳಿ
ನಮ್ಮೂರ ಕಾಂಪ್ಲೆಕ್ಸಿನ ಮೇಲಿನ ಅಂತಸ್ತಿನಲ್ಲಿ ಕಟ್ಟಿದ ದಿನದಿಂದ ಅರ್ಧ ಶಟರ್ ಎದ್ದೇ ಇಲ್ಲ. ಗಿರಾಕಿ ಮೆಟ್ಟಿಲು ಹತ್ತಲ್ಲ ಅಣ್ಣ.

ಗುಬ್ಬಚ್ಚಿ ಗೂಡು
ಲೆಕ್ಕದ ಅಣ್ಣ, ಇನ್ನೊಂದು ಲೆಕ್ಕವನ್ನೂ ಹಾಕಿ. ನಮ್ಮ ಊರಲ್ಲಿ ಸಂತೆ ದಿನ ಸುತ್ತಮುತ್ತಲ ಹಳ್ಳಿಯಿಂದ ಹೆಂಗಸರು ಬರುತ್ತಾರೆ. ಬೆಳಗ್ಗೆ ಎಂಟಕ್ಕೆ ಬಂದವರು ಸಂಜೆ ಬಸ್ಸಿಗೇ ವಾಪಸ್. ಅಷ್ಟೂ ಹೊತ್ತು ಮಗುವಿಗೆ ಹಾಲು ಕುಡಿಸೋಕೆ ಒಂದು ಮರೆ ಇಲ್ಲ. ಬಸ್ ಸ್ಟ್ಯಾಂಡಿನ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ನನ್ನ ಚಿಕ್ಕಮ್ಮ ಸಂತೆ ದಿನ ನೀರೇ ಕುಡಿಯುತ್ತಿರಲಿಲ್ಲ. ಕಾರಣ ಕೇಳಿದಾಗ ಅವರು ಹೇಳಿದ್ದು ಇದೇ. ಆಮೇಲೆ ಕಿಡ್ನಿ ಕಲ್ಲು ಅಂತ ಆಸ್ಪತ್ರೆಗೆ ಅಲೆದರು.

ಕಚೇರಿ ಬೀದಿ ಅಕ್ಕ, ಅರ್ಜಿಯಲ್ಲಿ ಮೊದಲ ಸಾಲಿಗೇ ಇದನ್ನು ಹಾಕಿ. ಹೆಂಗಸರಿಗೆ ಒಳ್ಳೆ ಶೌಚಾಲಯ, ಕೂರೋಕೆ ಒಂದು ಕೋಣೆ, ಕುಡಿಯುವ ನೀರು. ಗ್ರಂಥಾಲಯ, ಸಭೆ ಎಲ್ಲ ಆಮೇಲೆ. ಜಾಗ ಉಪಯೋಗಕ್ಕೆ ಬಂದರೆ ಅದನ್ನು ಉಳಿಸೋಕೆ ಊರೇ ನಿಲ್ಲುತ್ತದೆ.

ಓದುಗ 72
ಗ್ರಂಥಾಲಯ ಆಮೇಲೆ ಅಂದರೆ ಹೇಗಮ್ಮ? ಪರೀಕ್ಷೆಗೆ ಓದುವ ಹುಡುಗರು ನಮ್ಮೂರಲ್ಲಿ ದೇವಸ್ಥಾನದ ಕಟ್ಟೆ ಮೇಲೆ ಕೂತು ಓದುತ್ತಾರೆ.

ದುಡ್ಡಿನ ಮಾತು ಬಂತಲ್ಲ, ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಸೇರಿರುತ್ತದೆ. ನಿಮ್ಮ ರಸೀದಿ ತೆಗೆದು ನೋಡಿ, ಕಾಣುತ್ತದೆ. ಆ ದುಡ್ಡು ಗ್ರಂಥಾಲಯಕ್ಕೇ ಹೋಗಬೇಕು. ನಿಮ್ಮ ಪುರಸಭೆ ಎಷ್ಟು ವಸೂಲಿ ಮಾಡಿದೆ, ಎಷ್ಟು ಗ್ರಂಥಾಲಯ ಇಲಾಖೆಗೆ ಕಟ್ಟಿದೆ ಅಂತ ಅದೇ ಮಾಹಿತಿ ಹಕ್ಕಿನಲ್ಲಿ ಕೇಳಿ. ಊರಿನ ಗ್ರಂಥಾಲಯ ಬಾಡಿಗೆ ಕಟ್ಟಡದಲ್ಲಿದ್ದರೆ ಇನ್ನೂ ಸುಲಭ. ಆ ಬಾಡಿಗೆ ಉಳಿಯುತ್ತದೆ, ಇಲ್ಲಿಗೆ ಬನ್ನಿ ಅಂತ ಇಲಾಖೆಯನ್ನೇ ಕರೆಯಬಹುದು.

ಹಳ್ಳಿ ಕಡೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆ ಕೈಗೆ ಬಂದಮೇಲೆ ಎಷ್ಟೋ ಕಡೆ ಚೆನ್ನಾಗಿ ಆಗಿವೆ. 'ಅರಿವು ಕೇಂದ್ರ' ಅಂತ ಬೋರ್ಡು, ಮಕ್ಕಳಿಗೆ ಕಂಪ್ಯೂಟರ್, ಗೋಡೆ ತುಂಬ ಚಿತ್ರ. ಹಳ್ಳಿಯಲ್ಲಿ ಆಗುವುದು ಪಟ್ಟಣದಲ್ಲಿ ಯಾಕೆ ಆಗಬಾರದು?

ಲೆಕ್ಕದ ಪುಸ್ತಕ
ಆರು ಪೈಸೆ ವಿಷಯ ಒಪ್ಪಿದೆ. ಇದು ಉತ್ತರ ಅಂದರೆ. ಆದರೆ ಅದರಿಂದ ಸೂರು ರಿಪೇರಿ ಆಗಲ್ಲ.

ನಜರ್‌ಬಾದ್ ನಿವಾಸಿ
ಮೈಸೂರಿನವನು ನಾನು. ಉತ್ಸಾಹಕ್ಕೆ ತಣ್ಣೀರು ಹಾಕುತ್ತಿಲ್ಲ, ಆದರೆ ಒಂದು ಮಾತು ಹೇಳಲೇಬೇಕು. ಲ್ಯಾನ್ಸ್‌ಡೌನ್ ಕಟ್ಟಡ ಗೊತ್ತಲ್ಲ? 1892ರದ್ದು. ಕೆಳಗೆ ಸಾಲಾಗಿ ಅಂಗಡಿ, ಅದರಲ್ಲಿ ಹಳೇ ಪುಸ್ತಕದ ಅಂಗಡಿಗಳು. ನನ್ನ ಡಿಗ್ರಿ ಪುಸ್ತಕ ಅಷ್ಟೂ ಅಲ್ಲಿಂದಲೇ ತಂದದ್ದು, ಓದಿ ಮುಗಿಸಿ ಅಲ್ಲೇ ವಾಪಸ್ ಮಾರಿದ್ದು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅವರು ನಮ್ಮ ನಿಮ್ಮ ಹಾಗೆ ಕೆಲಸದ ಮೇಲೆ ಬಂದಿದ್ದ ಜನ.

2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಬದಿ ಬಿತ್ತು. ಆಮೇಲೆ ಕೆಡವಿ ಕಟ್ಟಬೇಕೋ, ಇರುವುದನ್ನೇ ಉಳಿಸಬೇಕೋ ಅಂತ ಜಗಳ, ಸಮಿತಿ, ಕೋರ್ಟು. ವರ್ಷಗಟ್ಟಲೆ ಎಳೆಯಿತು. ಅಲ್ಲಿಯ ಹೂವಿನ ಸಾಲು, ಎಲೆ ಸಾಲಿನವರು ತಲೆ ಮೇಲೆ ಏನು ಬೀಳುತ್ತದೋ ಅಂತ ನೋಡಿಕೊಂಡೇ ವ್ಯಾಪಾರ ಮಾಡಿದರು.

ಹಾಗಾಗಿ ಭಾವನೆಯಿಂದ ಬಾಗಿಲು ತೆಗೆಸಿ ಜನ ತುಂಬಬೇಡಿ. ಮೊದಲು ಸರಿಯಾದ ಪರೀಕ್ಷೆ. ಪರಿಣತರು ಉಳಿಯಲ್ಲ ಅಂದರೆ, ಅದನ್ನೂ ಒಪ್ಪಿಕೊಳ್ಳುವ ಮನಸ್ಸಿರಲಿ.

ಹಳೇ ಓವರ್‌ಸಿಯರ್
ನಜರ್‌ಬಾದಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಒಂದನ್ನು ಸೇರಿಸುತ್ತೇನೆ. ಹಳೇ ಕಟ್ಟಡ ವಯಸ್ಸಾಗಿ ಬೀಳುವುದು ಕಡಿಮೆ, ನೀರಿನಿಂದ ಬೀಳುವುದು ಜಾಸ್ತಿ. ಒಂದು ಹೆಂಚು ಸರಿದರೆ ಅದನ್ನು ಹೊತ್ತ ಮರದ ಪಕಾಸಿ ನೆನೆಯುತ್ತದೆ, ಪಕಾಸಿಯಿಂದ ಗೋಡೆ ತಲೆಗೆ ನೀರು ಇಳಿಯುತ್ತದೆ. ಅಲ್ಲಿಗೆ ಗೆದ್ದಲು ಬರುತ್ತದೆ. ಹಕ್ಕಿ ತಂದು ಹಾಕಿದ ಬೀಜದಿಂದ ಅರಳಿ ಗಿಡ ಏಳುತ್ತದೆ. ಆರು ವರ್ಷ ಬೀಗ ಹಾಕಿದ ಕಟ್ಟಡದಲ್ಲಿ ಇಷ್ಟೂ ಆಗಿರುತ್ತದೆ. ದಿನಾ ಜನ ಇದ್ದಿದ್ದರೆ ಮೊದಲ ಹನಿ ಬಿದ್ದ ದಿನವೇ ಯಾರಾದರೂ ಬಕೆಟ್ ಇಟ್ಟು ಏಣಿ ತರುತ್ತಿದ್ದರು.

ಇನ್ನೊಂದು ಶತ್ರು ಸಿಮೆಂಟು. ನೋಡಿ, ಆ ಕಾಲದ ಗೋಡೆ ಸುಣ್ಣದ ಗಾರೆಯದ್ದು. ನೆಲದ ತೇವ ಹೀರುತ್ತದೆ, ಗಾಳಿಗೆ ಬಿಡುತ್ತದೆ. ಎಲ್ಲೋ ಒಂದು ಸಲ ಸುಣ್ಣ ಬಣ್ಣ ಮಾಡಿಸುವಾಗ ಸೊಂಟದ ಎತ್ತರಕ್ಕೆ ಸಿಮೆಂಟ್ ಗಿಲಾವು ಬಳಿದುಬಿಡುತ್ತಾರೆ, ಗಟ್ಟಿ ಇರಲಿ ಅಂತ. ತೇವಕ್ಕೆ ಹೊರಗೆ ದಾರಿ ಇಲ್ಲ. ಅದು ಮೇಲಕ್ಕೆ ಏರುತ್ತದೆ. ಸಿಮೆಂಟ್ ಮುಗಿದ ಗೆರೆಯಿಂದ ಒಂದಡಿ ಮೇಲೆ ಗೋಡೆ ಉಪ್ಪು ಹಿಡಿದು ಪುಡಿಪುಡಿ ಉದುರುತ್ತದೆ. ನಿಮ್ಮ ಕಟ್ಟಡದಲ್ಲೂ ಹಾಗೇ ಇದ್ದರೆ ಆಶ್ಚರ್ಯ ಇಲ್ಲ. ಸಿಮೆಂಟ್ ಕೆತ್ತಿ ತೆಗೆದು ಗೋಡೆ ಒಣಗಲು ಬಿಟ್ಟು ಮತ್ತೆ ಸುಣ್ಣದ ಗಾರೆ ಹಾಕಬೇಕು. ಸುಣ್ಣ ಅರಳಿಸಿ, ಕೊಳೆಯಲು ಬಿಟ್ಟು, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು. ಹಿಂದೆ ಎತ್ತು ಕಟ್ಟಿದ ಗಾರೆ ಗಾಣ ಇರುತ್ತಿತ್ತು. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತಿದ್ದರು.

ಟೆಂಡರ್ ವಿಷಯ ಕೊನೆಗೆ. 1999ರ ಪಾರದರ್ಶಕ ಕಾಯ್ದೆ ಪ್ರಕಾರ ಕೆಲಸ ಟೆಂಡರ್ ಆಗಬೇಕು, ಕಡಿಮೆ ದರ ಹಾಕಿದವರಿಗೆ ಸಿಗುತ್ತದೆ. ಚರಂಡಿ ಕಟ್ಟುವವರು ಬಂದು ಸಿಮೆಂಟ್ ಬಳಿದು ಹೋಗುವುದು ಹೀಗೇ. ಹಾಗಾಗಿ ಸುಣ್ಣದ ಕೆಲಸ ಮಾಡಿದ ಅನುಭವ ಇರಬೇಕು ಅನ್ನುವ ಷರತ್ತು ಟೆಂಡರಿನಲ್ಲೇ ಬರುವ ಹಾಗೆ ಮೊದಲೇ ಕೇಳಿಕೊಳ್ಳಿ. ಆಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಕಚೇರಿ ಬೀದಿ
ಸರ್, ಇವತ್ತು ಸಂಜೆ ಕಿಟಕಿಯಿಂದ ಇಣುಕಿ ನೋಡಿ ಬಂದೆ. ನೀವು ಹೇಳಿದ ಗೆರೆ ಹಾಗೇ ಇದೆ. ಕೆಳಗೆ ನುಣ್ಣಗೆ ಸಿಮೆಂಟು, ಅದರ ಮೇಲೆ ಒಂದಡಿ ಅಗಲಕ್ಕೆ ಗೋಡೆ ಕೈಯಿಟ್ಟರೆ ಉದುರುತ್ತದೆ. ಕಿಟಕಿ ಪಕ್ಕದ ಗೋಡೆ ಮುಟ್ಟಿದ್ದಕ್ಕೆ ಬೆರಳೆಲ್ಲ ಬೆಳ್ಳಗಾಯಿತು.

ಟೊರಾಂಟೊ ಕನ್ನಡಿಗ
ನಾನಿರುವ ಊರಿನ ಒಂದು ಉದಾಹರಣೆ. ಟೊರಾಂಟೊದಲ್ಲಿ ವಿಚ್‌ವುಡ್ ಬಾರ್ನ್ಸ್ ಅಂತ ಇದೆ. 1913ರಿಂದ ಕಟ್ಟಿಕೊಂಡು ಬಂದ ಐದು ಟ್ರಾಮ್ ಶೆಡ್ಡುಗಳು. ಟ್ರಾಮು ಅಲ್ಲಿ ನಿಲ್ಲುವುದು ಬಿಟ್ಟಮೇಲೆ ಪಾಳು ಬಿದ್ದಿದ್ದವು. ಕೆಡವಬೇಕು ಅನ್ನುವವರು, ಬೇಡ ಅನ್ನುವವರು, ಇಲ್ಲೂ ಇದೇ ಜಗಳ. 2008ರಲ್ಲಿ ಊರ ಕೇಂದ್ರವಾಗಿ ತೆರೆಯಿತು. ಕಲಾವಿದರಿಗೆ ಮನೆ, ಒಂದು ಶೆಡ್ಡಿನಲ್ಲಿ ಗಾಜಿನ ಹಸಿರುಮನೆ, ಶನಿವಾರ ರೈತರ ಸಂತೆ. ಚಳಿಗಾಲದಲ್ಲಿ ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಟ್ರಾಮ್ ನಿಲ್ಲುತ್ತಿದ್ದ ಜಾಗದಲ್ಲಿ ಕ್ಯಾರೆಟ್, ಜೇನುತುಪ್ಪ ಮಾರುತ್ತಾರೆ. ನನ್ನ ಮಗಳು ನಡೆಯೋಕೆ ಕಲಿತದ್ದು ಅದರೊಳಗೇ.

ನಾನು ಹೇಳಬೇಕಾದ್ದು ಮುಂದಿನದು. ಅದನ್ನು ನಡೆಸುತ್ತಿದ್ದ ಸಂಸ್ಥೆ ಬೇರೆ ಯೋಜನೆಯ ಸಾಲದಲ್ಲಿ ಸಿಕ್ಕಿಕೊಂಡು 2023ರಲ್ಲಿ ಕೈಚೆಲ್ಲಿತು. ಆದರೆ ಬಾರ್ನ್ಸ್ ಮುಚ್ಚಲಿಲ್ಲ. ಯಾಕೆ? ಆಸ್ತಿ ನಗರದ್ದು, ಸಂಸ್ಥೆಗೆ ಇದ್ದದ್ದು ನಡೆಸುವ ಹಕ್ಕು ಮಾತ್ರ. ನೀವೂ ಹಾಗೇ ಮಾಡಿ. ಆಸ್ತಿ ಸರ್ಕಾರದ ಹೆಸರಿನಲ್ಲೇ ಇರಲಿ. ನಡೆಸುವ ಸಮಿತಿ ಬೇರೆ ಇರಲಿ. ಸಮಿತಿ ಮುಳುಗಿದರೂ ಕಟ್ಟಡ ಮುಳುಗಬಾರದು.

ನಾಟಕದ ಹುಚ್ಚು
ಸಭಾಂಗಣದ ಒಂದು ತುದಿಗೆ ಎರಡಡಿ ಎತ್ತರದ ವೇದಿಕೆ ಹಾಕಿಸಿ ಸಾಕು, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ. ಹೆಂಚಿನ ಸೂರಿನ ಕೆಳಗೆ ಮೈಕ್ ಇಲ್ಲದೆ ಮಾತು ಕೊನೇ ಸಾಲಿಗೆ ಕೇಳುತ್ತದೆ. ಹೆಗ್ಗೋಡು ಸಣ್ಣ ಹಳ್ಳಿ. 1949ರಲ್ಲಿ ಊರಿನ ಕೆಲವು ಹುಡುಗರು ಕಟ್ಟಿದ ನೀನಾಸಂ ಇವತ್ತು ದೇಶಕ್ಕೆಲ್ಲ ಗೊತ್ತು. ತಾಲ್ಲೂಕು ಕೇಂದ್ರದಲ್ಲಿ ಒಂದು ನಾಟಕಕ್ಕೆ ಜಾಗ ಇಲ್ಲ ಅಂದರೆ ಹೇಗೆ?

ಓದುಗ 72
ನಾಟಕದ ತಾಲೀಮು ಗ್ರಂಥಾಲಯದ ಪಕ್ಕ ಬೇಡವೇ ಬೇಡ. ಹುಡುಗರು ಓದೋದು ಹೇಗೆ?

ನಾಟಕದ ಹುಚ್ಚು
ತಾಲೀಮು ಸಂಜೆ ಏಳರ ಮೇಲೆ ಮೇಷ್ಟ್ರೇ. ಅಷ್ಟು ಹೊತ್ತಿಗೆ ಗ್ರಂಥಾಲಯ ಮುಚ್ಚಿರುತ್ತದೆ.

ಓದುಗ 72
ಅದೇ ತಪ್ಪು. ಕೆಲಸಕ್ಕೆ ಹೋಗುವ ಹುಡುಗರು ಓದೋಕೆ ಬರುವುದೇ ಏಳರ ಮೇಲೆ. ರಾತ್ರಿ ಹತ್ತರವರೆಗೆ ತೆರೆದಿರಬೇಕು.

ಗುಬ್ಬಚ್ಚಿ ಗೂಡು
ರೆಕಾರ್ಡ್ ರೂಮಿಗೆ ದಪ್ಪ ಗೋಡೆ ಇರುತ್ತದೆ ಅಲ್ವಾ? ಗ್ರಂಥಾಲಯ ಅಲ್ಲಿ, ನಾಟಕ ಇನ್ನೊಂದು ತುದಿಯಲ್ಲಿ. ಮುಂದಿನ ಮಾತಿಗೆ ಹೋಗೋಣ.

ಬಸವನಗುಡಿ ಬಾಲ್ಕನಿ
ಫ್ರೀಡಂ ಪಾರ್ಕ್ ಯಾರೂ ಹೇಳಲೇ ಇಲ್ಲವಲ್ಲ. ಸೆಂಟ್ರಲ್ ಜೈಲು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೇ ಜೈಲಿನ ಜಾಗ 2008ರಲ್ಲಿ ಜನರಿಗೆ ತೆರೆಯಿತು. ಕಾವಲು ಗೋಪುರ, ಕೆಲವು ಬ್ಯಾರಕ್ ಉಳಿಸಿಕೊಂಡರು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು. ನಮ್ಮಪ್ಪ ಅದರ ಗೋಡೆ ಹೊರಗೆ ಬಸ್ ಕಾಯುತ್ತಿದ್ದರು, ಒಳಗೆ ಏನಿದೆ ಅಂತ ಅರವತ್ತು ದಾಟಿದ ಮೇಲೆ ನೋಡಿದರು. ಗೋಪುರದ ಕೆಳಗೆ ನಿಂತು ಸುತ್ತ ತಿರುಗಿ ನೋಡಿದರು, ಒಂದು ಮಾತೂ ಆಡಲಿಲ್ಲ.

ತಮಟೆ
ಅದೇ ಫ್ರೀಡಂ ಪಾರ್ಕು ಈಗ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಇರುವ ಒಂದೇ ಜಾಗ. 2021ರ ಆದೇಶದ ಮೇಲೆ ಬೇರೆ ಕಡೆ ಧರಣಿ ಕೂರುವ ಹಾಗಿಲ್ಲ. ಟೌನ್ ಹಾಲ್ ಮೆಟ್ಟಿಲ ಮೇಲೆ ನಿಂತರೆ ಊರೇ ನೋಡುತ್ತಿತ್ತು. ಈಗ ಗೋಡೆಯ ಒಳಗೆ ಕೂಗಬೇಕು. ಜಾಗ ಕೊಟ್ಟು ಬಾಯಿ ಕಟ್ಟುವುದು ಹೀಗೆ. ನಿಮ್ಮ ಕೇಂದ್ರದಲ್ಲಿ ಪೌರಕಾರ್ಮಿಕರು ಸಂಬಳ ಕೇಳಿ ಸಭೆ ಮಾಡಬಹುದೋ ಇಲ್ಲವೋ? ಇದನ್ನು ಮೊದಲೇ ಬರೆದಿಡಿ.

ಬಸವನಗುಡಿ ಬಾಲ್ಕನಿ
ಟ್ರಾಫಿಕ್ಕಿಗೋಸ್ಕರ ಮಾಡಿದ್ದು ಅದು. ಆಂಬುಲೆನ್ಸ್ ಸಿಕ್ಕಿಹಾಕಿಕೊಂಡದ್ದನ್ನು ನಾನೇ ನೋಡಿದ್ದೇನೆ.

ತಮಟೆ
ಟ್ರಾಫಿಕ್ಕು ರಾಜಕೀಯ ಮೆರವಣಿಗೆಗೂ ನಿಲ್ಲುತ್ತದೆ ಸರ್.

ಹಳೇ ಓವರ್‌ಸಿಯರ್
ಇಬ್ಬರೂ ಬಿಡಿ, ಕಟ್ಟಡಕ್ಕೆ ಬನ್ನಿ. ತಮಟೆಯವರ ಪ್ರಶ್ನೆ ಮಾತ್ರ ಸರಿಯಾಗಿದೆ, ಬಳಕೆಯ ನಿಯಮ ಮೊದಲೇ ಬರೆಯಬೇಕು.

ಗಾಲಿಕುರ್ಚಿ ಪಯಣ
ಜಗಲಿ ಎತ್ತರ ಎಷ್ಟಿದೆ? ಯಾರಾದರೂ ಅಳೆದಿದ್ದೀರಾ? ಇಂಥ ಕಚೇರಿಗೆ ನಾನು ಪಿಂಚಣಿ ಕೆಲಸಕ್ಕೆ ಹೋಗಿದ್ದೆ. ಮೆಟ್ಟಿಲು ಹತ್ತಲಾಗದೆ ಕೆಳಗೇ ಕೂತಿದ್ದೆ. ತಮ್ಮ ಒಳಗೆ ಹೋಗಿ ನನ್ನ ಪರವಾಗಿ ಮಾತಾಡಿದ. ನನ್ನ ಬದುಕಿನ ವಿಷಯ ನನ್ನನ್ನು ಬಿಟ್ಟು ಬೇರೆಯವರು ಮಾತಾಡಿ ಮುಗಿಸಿದರು. ಸಹಿ ಹಾಕಿಸಿಕೊಳ್ಳೋಕೆ ಮಾತ್ರ ಒಬ್ಬರು ಕೆಳಗೆ ಇಳಿದು ಬಂದರು.

ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಎರಡೂವರೆ ಅಡಿ ಜಗಲಿ ಅಂದರೆ ಮೂವತ್ತು ಅಡಿ. ಮುಂದೆ ಜಾಗ ಇಲ್ಲದಿದ್ದರೆ ಪಕ್ಕದಿಂದ ತನ್ನಿ. ಕಡಿದಾಗಿ ಕಟ್ಟಿ ರಾಂಪ್ ಆಯಿತು ಅನ್ನಬೇಡಿ, ಅದರಲ್ಲಿ ನಾವು ಹಿಂದಕ್ಕೆ ಬೀಳುತ್ತೇವೆ. ಹಳೇ ಬಾಗಿಲಿನ ಹೊಸಿಲನ್ನೂ ನೋಡಿ. 2016ರ ಅಂಗವಿಕಲರ ಹಕ್ಕು ಕಾಯ್ದೆ ಪ್ರಕಾರ ಇದನ್ನು ಮಾಡಲೇಬೇಕು, ಕೇಳುವುದು ನಮ್ಮ ಹಕ್ಕು.

ಕಚೇರಿ ಬೀದಿ
ಅಳೆದಿಲ್ಲ. ನಾಳೆ ಅಳೆದು ಹೇಳುತ್ತೇನೆ. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ, ಕ್ಷಮಿಸಿ.

ಅರ್ಜಿಗೆ ಇಟ್ಟಿರುವ ತಲೆಬರಹ 'ಹಳೇ ತಾಲ್ಲೂಕು ಕಚೇರಿಯನ್ನು ಸಮುದಾಯ ಭವನವಾಗಿ ಮಾರ್ಪಡಿಸುವ ಬಗ್ಗೆ'. ಸರಿ ಇದೆಯೇ?

ತಮಟೆ
ಆ ಪದ ಬೇಡ. ನಮ್ಮ ಕಡೆ ಸಮುದಾಯ ಭವನ ಅಂದರೆ ಒಂದೊಂದು ಜಾತಿಗೆ ಒಂದೊಂದು. ಬೋರ್ಡ್ ನೋಡಿದರೆ ಗೊತ್ತಾಗುತ್ತದೆ ಯಾರು ಒಳಗೆ ಹೋಗಬಹುದು ಅಂತ. ಮದುವೆ ಇದ್ದ ದಿನ ತೆರೆಯುತ್ತದೆ, ಮಿಕ್ಕ ದಿನ ಬೀಗ.

ನಜರ್‌ಬಾದ್ ನಿವಾಸಿ
ನಿಜ. ಸಮುದಾಯ ಭವನ ಅಂತ ಬರೆದರೆ ಅಧಿಕಾರಿಗಳೂ ಛತ್ರ ಅಂತಲೇ ತಿಳಿಯುತ್ತಾರೆ. ಊಟದ ಹಾಲ್ ಎಷ್ಟು ಜನಕ್ಕೆ ಅಂತ ಕೇಳುತ್ತಾರೆ.

ಬಸವನಗುಡಿ ಬಾಲ್ಕನಿ
'ಊರ ಚಾವಡಿ' ಅಂತ ಇಡಿ. ಅಚ್ಚ ಕನ್ನಡ, ಎಲ್ಲರೂ ಕೂತು ಮಾತಾಡುವ ಜಾಗ ಅನ್ನುವ ಅರ್ಥವೂ ಇದೆ.

ತಮಟೆ
ಎಲ್ಲರೂ ಅಂದರೆ ಯಾರು ಸರ್? ನಮ್ಮಜ್ಜ ಚಾವಡಿಯ ಹೊರಗೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದವನು. ಒಳಗೆ ತೀರ್ಮಾನ ಆಗುತ್ತಿತ್ತು, ಹೊರಗೆ ಇವನಿಗೆ ಕೂಗಿ ಹೇಳುತ್ತಿದ್ದರು. ನಿಮಗೆ ಆ ಪದ ಚಂದ ಕೇಳುತ್ತದೆ. ನಮ್ಮ ಮನೆಯಲ್ಲಿ ಆ ಪದ ಹೇಳಿದರೆ ಅಜ್ಜಿ ಇವತ್ತಿಗೂ ಸುಮ್ಮನಾಗುತ್ತಾಳೆ.

ತಾಲ್ಲೂಕು ಕಚೇರಿ ಬೇರೆ. ಅಲ್ಲಿ ಕೂಡ ಕಾಯಿಸುತ್ತಿದ್ದರು, ಆದರೆ ಅರ್ಜಿ ಕೊಟ್ಟರೆ ತೆಗೆದುಕೊಳ್ಳಲೇಬೇಕಿತ್ತು. ನಮ್ಮಜ್ಜನಿಗೆ ಸರ್ಕಾರದಿಂದ ಎರಡು ಎಕರೆ ದರಖಾಸ್ತು ಜಮೀನು ಮಂಜೂರಾಗಿ ಸಿಕ್ಕಿದ್ದು ಇಂಥದ್ದೇ ಜಗಲಿ ಮೇಲೆ ಯಾರೋ ಪುಣ್ಯಾತ್ಮರು ಬರೆದುಕೊಟ್ಟ ಅರ್ಜಿಯಿಂದ. ಕಚೇರಿ ಬೀದಿ ಅಕ್ಕ, ನಿಮ್ಮಪ್ಪನಂಥವರು. ಹಳೇ ಕಚೇರಿ ಅಂತಲೇ ಹೆಸರಿಡಿ. ಅದರಲ್ಲಿ ಯಾರಿಗೂ ಬಾಗಿಲು ಮುಚ್ಚಿಲ್ಲ.

ಬಸವನಗುಡಿ ಬಾಲ್ಕನಿ
ಇದು ನನಗೆ ಗೊತ್ತಿರಬೇಕಿತ್ತು. ನನ್ನ ಸಲಹೆ ವಾಪಸ್ ತೆಗೆದುಕೊಂಡೆ.

ಕಚೇರಿ ಬೀದಿ
ತಮಟೆಯವರೇ, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಪ್ಪ ದರಖಾಸ್ತು ಅರ್ಜಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲವಂತೆ. ನನಗೆ ಇದು ಇವತ್ತೇ ಗೊತ್ತಾಗಿದ್ದು. 'ಹಳೇ ಕಚೇರಿ' ಅಂತಲೇ ಬರೆಯುತ್ತೇವೆ.

ಶರಾವತಿ ಬಲದಂಡೆ
ನಮ್ಮ ಶಿವಮೊಗ್ಗದಲ್ಲೂ ಹಳೇ ಜೈಲಿನ ಜಾಗವೇ ಫ್ರೀಡಂ ಪಾರ್ಕ್ ಆಗಿದೆ, ಈಗ ಅಲ್ಲಮಪ್ರಭು ಹೆಸರು. 2024ರ ಜನವರಿಯಲ್ಲಿ ಸರ್ಕಾರದ ಯುವನಿಧಿ ಯೋಜನೆ ಶುರುವಾದದ್ದು ಅಲ್ಲೇ.

ತೆಂಕಣ ಗಾಳಿ
ಬೆಂಗಳೂರಿನ ಹಳೇ ಒಪೆರಾ ಹೌಸ್ ಈಗ ಮೊಬೈಲ್ ಅಂಗಡಿ. ಕಟ್ಟಡ ಥಳಥಳ ಅನ್ನುತ್ತೆ. ಆದರೆ ನಾಟಕದ ಮನೆ ಆಗಿ ಉಳಿಯಲಿಲ್ಲ. ಖಾಸಗಿಯವರ ಕೈಗೆ ಕೊಟ್ಟರೆ ಹೀಗೂ ಆಗುತ್ತದೆ, ಗಮನ ಇರಲಿ.

ಲೆಕ್ಕದ ಪುಸ್ತಕ
ಕಟ್ಟಡವೇ ಇಲ್ಲದೆ ಹೋಗುವುದಕ್ಕಿಂತ ಥಳಥಳ ಅಂದದ್ದೇ ವಾಸಿ. ಇರಲಿ.

ಎರಡು ದಿನದಿಂದ ಓದುತ್ತಿದ್ದೇನೆ, ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಒಂದು ದಾರಿ ಇದೆ ಅನ್ನಿಸುತ್ತದೆ. ಕಟ್ಟಡ ಉಳಿಸಿ. ರಸ್ತೆ ಕಡೆಯ ಕಾಂಪೌಂಡಿಗೆ ಸೇರಿಸಿ ನೆಲದ ಮಟ್ಟದ ನಾಲ್ಕೈದು ಸಣ್ಣ ಮಳಿಗೆ ಕಟ್ಟಿ. ಝೆರಾಕ್ಸ್, ಟೀ, ಹಾಲಿನ ಬೂತ್, ಸ್ತ್ರೀಶಕ್ತಿ ಸಂಘದವರದ್ದು ಒಂದು. ಅವಕ್ಕೆ ಮೆಟ್ಟಿಲು ಹತ್ತಬೇಕಿಲ್ಲ, ಖಾಲಿ ಬೀಳಲ್ಲ. ಆ ಬಾಡಿಗೆ ಪುರಸಭೆಯ ದೊಡ್ಡ ಖಾತೆಗೆ ಸೇರಿ ಕರಗಿ ಹೋಗದೆ, ಕಾವಲುಗಾರ, ಗುಡಿಸುವವರು, ಕರೆಂಟು, ಹೆಂಚು ರಿಪೇರಿಗೇ ಅಂತ ಬೇರೆ ಖಾತೆಯಲ್ಲಿ ಇರಬೇಕು. ವರ್ಷದ ಕೊನೆಗೆ ಲೆಕ್ಕ ಬೋರ್ಡಿನ ಮೇಲೆ ಬರೆದು ಹಾಕಬೇಕು. ಆ ಲೆಕ್ಕ ಬರೆಯೋಕೆ ನಾನು ಬರುತ್ತೇನೆ, ಸಂಬಳ ಬೇಡ.

ಹಳೇ ಓವರ್‌ಸಿಯರ್
ಒಳ್ಳೆ ಮಾತು. ಒಂದೇ ಎಚ್ಚರ. ಹಳೇ ಗೋಡೆಯ ಹತ್ತಿರ ಪಾಯ ಅಗೆಯಬೇಡಿ. ಅದರ ಅಡಿಪಾಯ ಆಳ ಇರುವುದಿಲ್ಲ, ಪಕ್ಕದ ಮಣ್ಣು ಸಡಿಲವಾದರೆ ನಾಳೆ ಬಿರುಕು ಬಿಡುತ್ತದೆ. ಮಳಿಗೆ ದೂರ ಇರಲಿ, ಮಳಿಗೆಯ ಸೂರಿನ ನೀರು ರಸ್ತೆ ಕಡೆ ಬೀಳಲಿ.

ಕಚೇರಿ ಬೀದಿ
ನಿನ್ನೆ ವಿಚಾರಿಸಿ ಬಂದೆವು. ಮೂರು ವಿಷಯ ಗೊತ್ತಾಯಿತು.

ಜಾಗ ಇನ್ನೂ ಕಂದಾಯ ಇಲಾಖೆ ಹೆಸರಿನಲ್ಲೇ ಇದೆ. ಪುರಸಭೆಗೆ ಹಸ್ತಾಂತರ ಮಾಡಿ ಅಂತ ಪತ್ರ ಹೋಗಿದೆ, ಆದರೆ ಇನ್ನೂ ಆಗಿಲ್ಲ. ಅಂದರೆ ಈಗಲೇ ಕೆಡವುವ ಹಾಗಿಲ್ಲ. ಅರ್ಜಿಯನ್ನು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರ್ ಮೂವರಿಗೂ ಕೊಡುತ್ತೇವೆ, ಪುರಸಭೆ ಮುಖ್ಯಾಧಿಕಾರಿಗೆ ಒಂದು ಪ್ರತಿ. ಶಿಥಿಲ ಅನ್ನುವ ವರದಿ ಇದೆಯಂತೆ, ಆದರೆ ನೋಡಲು ಕೊಡಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಬಂದೆ.

ಜಗಲಿ ಎತ್ತರ ಎರಡಡಿ ಎಂಟು ಅಂಗುಲ. ಇಳಿಜಾರಿಗೆ ಮೂವತ್ತೆರಡು ಅಡಿ ಬೇಕು. ಬೇವಿನ ಮರದ ಕಡೆಯಿಂದ ತಂದರೆ ಸರಿಯಾಗಿ ಹಿಡಿಸುತ್ತದೆ. ಹೊಸಿಲು ನಾಲ್ಕು ಅಂಗುಲ ಎತ್ತರ ಇದೆ.

ಇನ್ನೊಂದು ಸಂತೋಷದ ಸುದ್ದಿ. ಹೊರಗಿನಿಂದ ಗಿಡ ಕಿತ್ತು, ಜಗಲಿ ಗುಡಿಸಿ, ಹೆಂಚು ಜೋಡಿಸೋಕೆ ಭಾನುವಾರ ಅನುಮತಿ ಕೊಟ್ಟಿದ್ದಾರೆ. ಒಳಗೆ ಹೋಗುವ ಹಾಗಿಲ್ಲ. ಸರ್, ಅರಳಿ ಗಿಡ ಸುಮ್ನೆ ಕಿತ್ತರೆ ಸಾಕೇ?

ಹಳೇ ಓವರ್‌ಸಿಯರ್
ಎಳೆಯಬೇಡಿ! ಬೇರು ಗೋಡೆ ಒಳಗೆ ಹೋಗಿರುತ್ತದೆ, ಎಳೆದರೆ ಇಟ್ಟಿಗೆಯೂ ಬರುತ್ತದೆ. ಬುಡಕ್ಕೆ ಸರಿಯಾಗಿ ಕೊಯ್ದು ಬಿಡಿ, ಬೇರು ಸಾಯಿಸುವ ಕೆಲಸ ಆಮೇಲೆ. ಸಣ್ಣ ಎಳೆ ಗಿಡವಾದರೆ ಮಾತ್ರ ಕೈಯಲ್ಲಿ ಮೆಲ್ಲಗೆ ತೆಗೆಯಬಹುದು. ಹೆಂಚಿನ ಮೇಲೆ ಯಾರೂ ನಡೆಯಬೇಡಿ. ಅಡ್ಡ ಹಲಗೆ ಹಾಕಿ ಅದರ ಮೇಲೆ ಕಾಲಿಡಿ. ಕೆಲಸ ಗೊತ್ತಿರುವವರೊಬ್ಬರೇ ಹತ್ತಲಿ.

ಕಚೇರಿ ಬೀದಿ
ನಮ್ಮ ಬೀದಿ ಕೊನೆಯಲ್ಲಿ ಹಿಂದೆ ಗಾರೆ ಕೆಲಸ ಮಾಡುತ್ತಿದ್ದ ಅಜ್ಜ ಇದ್ದಾರೆ, ಎಂಬತ್ತು ದಾಟಿದೆ. ಅವರೇ ಬಂದು ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುತ್ತಾರಂತೆ. ಅವರ ಮೊಮ್ಮಗ ಹತ್ತುತ್ತಾನೆ. ಒಡೆದ ಹೆಂಚು ನಲವತ್ತರ ಹತ್ತಿರ ಇವೆ. ಹಳೇ ಅಳತೆಯ ಹೆಂಚು ಯಾರ ಹತ್ತಿರವಾದರೂ ಇದೆಯೇ? ಹೊಸದು ಕೂರುತ್ತಿಲ್ಲ.

ತಮಟೆ
ನಮ್ಮ ಹಳೇ ಮನೆ ಬಿಚ್ಚಿದಾಗ ತೆಗೆದಿಟ್ಟದ್ದು ದನದ ಕೊಟ್ಟಿಗೆ ಹಿಂದೆ ಇದೆ. ಸುಮಾರು ಇನ್ನೂರು ಇರಬಹುದು. ಬೇಲೂರು ರಸ್ತೆ ಕಡೆಯವರು ನೀವಾದರೆ ನಮ್ಮೂರು ದೂರ ಇಲ್ಲ. ಒಂದು ಹೆಂಚಿನ ಅಳತೆ ಮೆಸೇಜಿನಲ್ಲಿ ಕಳಿಸಿ. ಸರಿಹೋದರೆ ಭಾನುವಾರ ಬೆಳಗ್ಗೆ ಟಾಟಾ ಏಸ್‌ನಲ್ಲಿ ಹಾಕಿಕೊಂಡು ಬರುತ್ತೇನೆ. ನಿಮ್ಮಪ್ಪ ಕೂರುತ್ತಿದ್ದ ಕಲ್ಲನ್ನೂ ನೋಡಬೇಕು.

ಲೆಕ್ಕದ ಪುಸ್ತಕ
ಟಾಟಾ ಏಸ್ ಡೀಸೆಲ್ ನನ್ನದು. ಮೊದಲ ಖರ್ಚು ಅಂತ ಬರೆದುಕೊಂಡಿದ್ದೇನೆ.

ಗಾಲಿಕುರ್ಚಿ ಪಯಣ
ಬೇವಿನ ಮರದ ಕಡೆ ಸ್ವಲ್ಪ ಕಸ ತೆಗೆದು ದಾರಿ ಮಾಡಿರಿ. ನಾನೂ ಬರುತ್ತೇನೆ. ಇಳಿಜಾರು ಎಲ್ಲಿಂದ ಶುರುವಾಗಬೇಕು ಅಂತ ಅಲ್ಲೇ ಸುಣ್ಣದಲ್ಲಿ ಗೆರೆ ಹಾಕೋಣ.